ಟ್ಯಾಗೋರ್ ಸ್ಕೂಲಲ್ಲಿ ‘ಸೇಫ್’ ನಾಟಕ ಇರಲಿಲ್ಲ

ಆನ್ಯುವಲ್ ಡೇಗೆ ಹಾಡು-ನಾಟಕ ಆರಿಸುವಾಗ ನಮ್ಮ ಶಾಲೆಗಳ ಮೊದಲ ಪ್ರಶ್ನೆ: ಯಾರಿಗೂ ಬೇಜಾರಾಗಲ್ಲ ತಾನೇ? ರವೀಂದ್ರನಾಥ ಟ್ಯಾಗೋರ್ ಆ ಲೆಕ್ಕ ಹಾಕಲಿಲ್ಲ.

1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದರು. 1908ರಲ್ಲಿ ಅಲ್ಲಿನ ಹುಡುಗರಿಗೆಂದೇ ಹಾಡು ತುಂಬಿದ ‘ಶಾರದೋತ್ಸವ’ ಬರೆದರು. ಅದರಲ್ಲಿ ಸ್ತ್ರೀಪಾತ್ರವೇ ಇಲ್ಲ. 1926ರ ‘ನಟೀರ್ ಪೂಜಾ’ ಇದಕ್ಕೆ ತದ್ವಿರುದ್ಧ, ಪೂರ್ತಿ ಹುಡುಗಿಯರದ್ದು. ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಸ್ಟೇಜ್ ಮೇಲೆ ಕುಣಿಯೋದೇ ತಪ್ಪು ಅಂತಿದ್ದ ಕಾಲ ಅದು. ಆಗಲೇ, ರಾಜಾಜ್ಞೆ ಮೀರಿ ಬುದ್ಧನಿಗೆ ನೃತ್ಯವನ್ನೇ ಪೂಜೆಯಾಗಿಸಿ ಪ್ರಾಣ ಬಿಡುವ ನರ್ತಕಿಯ ಕಥೆಯನ್ನು ಅವರ ಕೈಗಿಟ್ಟರು. ಅಸ್ಪೃಶ್ಯ ಹುಡುಗಿಯಿಂದ ಭಿಕ್ಷುವೊಬ್ಬ ನೀರು ಕೇಳಿ ಕುಡಿಯುವ ‘ಚಂಡಾಲಿಕಾ’ 1933ರಲ್ಲಿ ಬಂತು, 1938ರಲ್ಲಿ ನೃತ್ಯನಾಟಕವಾಯ್ತು. 1941ರಲ್ಲಿ ಟ್ಯಾಗೋರ್ ತೀರಿಕೊಂಡರು.

ಮಕ್ಕಳಿಗೆ ರಾಜಕೀಯ ಯಾಕೆ ಅನ್ನೋರು ಗಮನಿಸಬೇಕು: ಜಾತಿಯ ಸುದ್ದಿಯೇ ಎತ್ತದ ನಾಟಕ ಹುಡುಕೋದೂ ರಾಜಕೀಯವೇ.