ಮಂಗಳೂರಿನಿಂದ ಮಸ್ಕತ್‌ಗೆ: ವ್ಯಾಪಾರಿ ಟಿಪ್ಪು ಸುಲ್ತಾನ್

ಟಿಪ್ಪು ಸುಲ್ತಾನರ ಹೆಸರು ಕೇಳಿದರೆ ಎಲ್ಲರಿಗೂ ಹುಲಿ, ಖಡ್ಗ, ರಾಕೆಟ್ ನೆನಪಾಗುತ್ತವೆ. ನಮ್ಮ ಹೆಡತಲೆ ಕಡೆಯವರಿಗೆ ನಂಜನಗೂಡಿನ ದೇವಸ್ಥಾನಕ್ಕೆ ಅವರು ಕೊಟ್ಟ ಪಚ್ಚೆಲಿಂಗವೂ ನೆನಪಾಗುತ್ತದೆ. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಅವರ ಬದುಕಿನಲ್ಲಿ ಹೆಚ್ಚು ಇಷ್ಟವಾದದ್ದು ವ್ಯಾಪಾರದ ಲೆಕ್ಕ.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. 1782ರಲ್ಲಿ ತಂದೆ ಹೈದರ್ ಅಲಿ ತೀರಿಕೊಂಡಾಗ ಯುದ್ಧದ ನಡುವೆಯೇ ರಾಜ್ಯ ಅವರ ಕೈಗೆ ಬಂತು. 1784ರ ಮಂಗಳೂರು ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಈಸ್ಟ್ ಇಂಡಿಯಾ ಕಂಪನಿ ವ್ಯಾಪಾರಕ್ಕೆಂದು ಬಂದು, ಕೋಠಿ ಕಟ್ಟಿ, ಕೊನೆಗೆ ರಾಜ್ಯವನ್ನೇ ಆಳತೊಡಗಿದ್ದನ್ನು ಅವರು ನೋಡಿದ್ದರು. ಮನೆಯಲ್ಲಿ ಉರ್ದು ಮಾತಾಡುವ ನಮಗೆ ಕೋಠಿ ಎಂದರೆ ದೊಡ್ಡ ಬಂಗಲೆ. ಆ ಕಾಲದ ವ್ಯಾಪಾರದಲ್ಲಿ ಅದು ಸರಕಿನ ಗೋದಾಮೂ ಹೌದು, ಕಚೇರಿಯೂ ಹೌದು.

ಟಿಪ್ಪು ತಮ್ಮ ಕೋಠಿಗಳನ್ನು ಹೊರದೇಶದಲ್ಲಿ ತೆರೆದರು. ಅವುಗಳಲ್ಲಿ ಮುಖ್ಯವಾದದ್ದು ಮಸ್ಕತ್‌ನದು. ಕಛ್‌ನ ಮುಂದ್ರಾ ಮತ್ತು ಮಾಂಡವಿಯಲ್ಲೂ ಕೋಠಿಗಳಿದ್ದವು. ಮಂಗಳೂರಿನಿಂದ ಅಕ್ಕಿ, ಗಂಧ, ಕಾಳುಮೆಣಸು, ಏಲಕ್ಕಿ ಹಡಗು ಹತ್ತುತ್ತಿದ್ದವು. ಮಸ್ಕತ್ ಕಡೆಯಿಂದ ರೇಷ್ಮೆಹುಳು, ಅದನ್ನು ಸಾಕಲು ಬಲ್ಲವರು, ಮುತ್ತು ತೆಗೆಯುವ ಮುಳುಗುಗಾರರನ್ನು ಕಳಿಸಲು ಟಿಪ್ಪು ತಮ್ಮ ಅಧಿಕಾರಿಗಳಿಗೆ ಬರೆದರು.

ಇಲ್ಲಿ ಸುಂಕದ ವಿಷಯ ಬರುತ್ತದೆ. ಮಸ್ಕತ್‌ನಲ್ಲಿ ಬೇರೆಯವರು ಶೇ. 10 ಸುಂಕ ಕೊಡುತ್ತಿದ್ದರೆ ಮೈಸೂರಿನ ಸರಕಿಗೆ ಶೇ. 6 ಮಾತ್ರ. ಟಿಪ್ಪು ಕೂಡ ತಮ್ಮ ಬಂದರುಗಳಲ್ಲಿ ಮಸ್ಕತ್ ಹಡಗುಗಳಿಗೆ ಸುಂಕ ಇಳಿಸಿದರು. ನೂರು ರೂಪಾಯಿಯ ಸರಕಿಗೆ ನಾಲ್ಕು ರೂಪಾಯಿ ಉಳಿದರೆ ಸರಕು ಅಗ್ಗವಾಗುತ್ತದೆ, ಹಡಗು ಮತ್ತೆ ಅದೇ ಬಂದರಿಗೆ ಬರುತ್ತದೆ. ಮುಕ್ತ ಬಂದರು, ವಿಶೇಷ ಆರ್ಥಿಕ ವಲಯಗಳ ಹಿಂದಿರುವ ಲೆಕ್ಕವೂ ಇದೇ.

1786ರಲ್ಲಿ ಅವರು ಇನ್ನೂ ದೊಡ್ಡ ಪ್ರಯತ್ನ ಮಾಡಿದರು. ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಒಂದು ನಿಯೋಗ ತುರ್ಕಿಯ ಸುಲ್ತಾನರ ಬಳಿಗೆ ಹೊರಟಿತು. ಬಸ್ರಾ ಬಂದರನ್ನು ಮೈಸೂರಿಗೆ ಗುತ್ತಿಗೆ ಕೊಟ್ಟರೆ ಮಂಗಳೂರನ್ನು ಅವರಿಗೆ ಬಿಟ್ಟುಕೊಡುವ ಯೋಚನೆ ಟಿಪ್ಪು ಅವರದು. ಅದು ಕೈಗೂಡಲಿಲ್ಲ. ಹಡಗುಗಳು ಹಾಳಾದವು, ಹೋದವರಲ್ಲಿ ಬಹಳ ಮಂದಿ ಹಿಂತಿರುಗಲಿಲ್ಲ.

ಊರಿನವರ ಹಣವನ್ನೂ ಅವರು ಸರ್ಕಾರದ ವ್ಯಾಪಾರಕ್ಕೆ ಕರೆದರು. 500ರವರೆಗೆ ಹಾಕಿದವರಿಗೆ ಶೇ. 50 ಲಾಭ, 5000ದವರೆಗೆ ಶೇ. 25, ಅದಕ್ಕಿಂತ ಹೆಚ್ಚು ಹಾಕಿದವರಿಗೆ ಶೇ. 12 ಎಂದು ನಿಯಮ ಮಾಡಿದರು. ಸಣ್ಣವನಿಗೆ ಹೆಚ್ಚು, ದೊಡ್ಡವನಿಗೆ ಕಡಿಮೆ! ಇಂದಿನ ಯಾವ ಬ್ಯಾಂಕೂ ಹೀಗೆ ಕೊಡುವುದಿಲ್ಲ.

ಆದರೆ ನಾನು ಅವರನ್ನು ಬರೀ ಹೊಗಳಲಾರೆ. ಗಂಧ, ಮೆಣಸು, ಏಲಕ್ಕಿಯನ್ನು ಸರ್ಕಾರವೇ ಕೊಂಡು ಸರ್ಕಾರವೇ ಮಾರಬೇಕೆಂದು ಅವರು ಕಟ್ಟು ಮಾಡಿದ್ದರು. ಮಸ್ಕತ್‌ನಲ್ಲಿ ತಮಗೆ ಸಿಕ್ಕ ರಿಯಾಯಿತಿಯಂಥದ್ದು ಊರಿನ ಸ್ವಂತ ವ್ಯಾಪಾರಿಗೆ ಸಿಗಲಿಲ್ಲ. ಬೆಳೆದವನಿಗೆ ಕೊಳ್ಳುವವನು ಒಬ್ಬನೇ ಆದರೆ ಬೆಲೆ ಹೇಳುವವನೂ ಅವನೊಬ್ಬನೇ. ಕಂಪನಿಯನ್ನು ತಡೆಯಲು ಬೇರೆ ದಾರಿಯಿರಲಿಲ್ಲ ಎನ್ನುವವರಿದ್ದಾರೆ. ನನಗೆ ಆ ಮಾತು ಅರ್ಧ ಮಾತ್ರ ಸರಿ ಎನಿಸುತ್ತದೆ.

1792ರಲ್ಲಿ ಸೋತು ಅರ್ಧ ರಾಜ್ಯ ಬಿಟ್ಟುಕೊಟ್ಟರು. ಮೆಣಸಿನ ಮಲಬಾರ್ ಕೈತಪ್ಪಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾದರು. ಅದಾದ ಮೇಲೂ ಅವರು ವ್ಯಾಪಾರದ ಹೊಸ ನಿಯಮಗಳನ್ನು ಬರೆಸಿದರು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಾ ಪ್ರಾಣ ಬಿಟ್ಟರು.

ಅವರ ಕೋಠಿಗಳಿದ್ದ ಕಛ್‌ನಲ್ಲೇ, ಕಾಂಡ್ಲಾದಲ್ಲಿ, 1965ರಲ್ಲಿ ದೇಶದ ಮೊದಲ ರಫ್ತು ವಲಯ ಶುರುವಾಯಿತು. 2005ರಲ್ಲಿ ವಿಶೇಷ ಆರ್ಥಿಕ ವಲಯಗಳ ಕಾನೂನು ಬಂತು. ಇಂದು ಮುಂದ್ರಾದಲ್ಲೂ ಮಂಗಳೂರಿನಲ್ಲೂ ಅಂಥ ವಲಯಗಳಿವೆ. ಅಲ್ಲಿನ ರಿಯಾಯಿತಿ ದೊಡ್ಡ ಕಂಪನಿಗಳಿಗಷ್ಟೇ ನಿಲ್ಲದೆ, ಭೂಮಿ ಕೊಟ್ಟ ರೈತನಿಗೂ ನಮ್ಮ ಕಡೆಯ ಸಣ್ಣ ವ್ಯಾಪಾರಿಗೂ ಮುಟ್ಟುತ್ತಿದೆಯೇ? ಸುಲ್ತಾನರಿಗೆ ಕೇಳಬೇಕಾದ ಈ ಪ್ರಶ್ನೆಯನ್ನು ನಾವು ಇಂದಿನವರಿಗೂ ಕೇಳಬೇಕು.