ಕುದ್ಮುಲ್ ರಂಗರಾಯರು ಮತ್ತು ಬಡಮಕ್ಕಳ ಶಾಲೆ

ಸಂಘದ ಬೆಳ್ಳಿಹಬ್ಬದ ನೆನಪಿಗಾಗಿ ನಮ್ಮ ಮಟ್ಟು ಊರಿನ ಬಡಮಕ್ಕಳ ಓದಿಗೆ ಏನಾದರೂ ಮಾಡಬೇಕು ಎಂಬ ಮಾತು ಸದಸ್ಯ ಬಂಧುಗಳಲ್ಲಿ ಎದ್ದಿದೆ. ಜೂನ್ ತಿಂಗಳಲ್ಲಿ ಪುಸ್ತಕ, ಕೊಡೆ, ಚೀಲ ಹಂಚಿದರೆ ಸಾಕಲ್ಲ ಅನ್ನುವವರೂ ಇದ್ದಾರೆ. ಜೂನಿನಲ್ಲಿ ಸೇರಿದ ಮಗು ಮಾರ್ಚಿಗೆ ಬೆಂಚಿನಲ್ಲಿ ಉಂಟೋ ಇಲ್ಲವೋ ಎಂದು ನೋಡುವವರು ಕಡಿಮೆ. ಹಾಗೆ ನೋಡಿದ ಒಬ್ಬರು ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದರು. ಅವರು ದಿ॥ ಕುದ್ಮುಲ್ ರಂಗರಾಯರು.

ರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲ್ ಎಂಬಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಈಗ ಕೇರಳಕ್ಕೆ ಸೇರಿದ ಆ ಸೀಮೆ ಆಗ ನಮ್ಮ ಜಿಲ್ಲೆಯದ್ದೇ. ಎಳವೆಯಲ್ಲೇ ತಂದೆಯನ್ನು ಕಳಕೊಂಡು ಮಂಗಳೂರಿಗೆ ಬಂದರು. ಮೊದಲು ಮಾಸ್ತರಿಕೆ, ಆಮೇಲೆ ಪರೀಕ್ಷೆ ಪಾಸು ಮಾಡಿ ವಕೀಲಿ. ಬಡವರ ವ್ಯಾಜ್ಯವನ್ನು ದುಡ್ಡಿಗೆ ಕೈಯೊಡ್ಡದೆ ನಡೆಸಿದರೆಂದು ಹೆಸರು. ಬ್ರಹ್ಮಸಮಾಜದ ವಿಚಾರಗಳು ಅವರನ್ನು ಹಿಡಿದವು. ಇಷ್ಟಕ್ಕೇ ನಿಂತಿದ್ದರೆ ನೂರು ಮಂದಿ ಸಜ್ಜನ ವಕೀಲರಲ್ಲಿ ಅವರೂ ಒಬ್ಬರಾಗುತ್ತಿದ್ದರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಆಗ ಆ ಮಕ್ಕಳು ಶಾಲೆಯ ಜಗಲಿ ಹತ್ತುವುದಿರಲಿ, ದಾರಿಯಲ್ಲಿ ಎದುರು ಬರುವ ಹಾಗೂ ಇರಲಿಲ್ಲ. ಊರು ಸುಮ್ಮನೆ ಕೂರಲಿಲ್ಲ. ಶಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎದ್ದು ಹೋಗಬೇಕಾಯಿತು. ಕಲಿಸಲು ಮೇಲುಜಾತಿಯ ಮಾಸ್ತರರು ಸುಲಭಕ್ಕೆ ಸಿಗಲಿಲ್ಲ, ಕ್ರೈಸ್ತ ಅಧ್ಯಾಪಕರ ನೆರವು ಬೇಕಾಯಿತು. ರಾಯರಿಗೆ ಸ್ವಜಾತಿಯಿಂದ ಬಹಿಷ್ಕಾರವೂ ಬಂತು. ಮನೆಯವರು, ಮಕ್ಕಳು ಪಟ್ಟ ಪಾಡು ರಾಯರ ಪಾಡಿಗಿಂತ ಕಡಿಮೆಯಲ್ಲ ಎಂದೇ ನಮಗೆ ಅನಿಸುತ್ತದೆ. ಹೊರಗೆ ಕೆಲಸವಿದ್ದ ಗಂಡಸಿಗಿಂತ ಮನೆಯೊಳಗೆ ಇದ್ದವರಿಗೆ ಬಹಿಷ್ಕಾರದ ಬಿಸಿ ಜಾಸ್ತಿ.

ರಾಯರ ದೊಡ್ಡಸ್ತಿಕೆ ಇರುವುದು ಶಾಲೆ ತೆರೆದದ್ದರಲ್ಲಿ ಮಾತ್ರ ಅಲ್ಲ. ಬಾಗಿಲು ತೆರೆದರೂ ಮಕ್ಕಳು ಬರಲಿಲ್ಲ, ಬಂದವರು ನಿಲ್ಲಲಿಲ್ಲ. ಎಂತಕ್ಕೆ ಎಂದು ಅವರು ಬಿಡಾರ ಬಿಡಾರಕ್ಕೆ ಹೋಗಿ ನೋಡಿದರು. ಹೊಟ್ಟೆಗೆ ಇಲ್ಲ, ಹಾಗಾಗಿ ಶಾಲೆಯಲ್ಲೇ ಮಧ್ಯಾಹ್ನದ ಊಟ ಇಟ್ಟರು. ನಮ್ಮ ಸರಕಾರ ಅಕ್ಷರ ದಾಸೋಹ ಶುರು ಮಾಡಿದ್ದು 2002ರಲ್ಲಿ. ರಾಯರ ಅನ್ನ ಅದಕ್ಕಿಂತ ಎಷ್ಟು ಮೊದಲಿನದ್ದು ಎಂದು ಓದುಗರೇ ಎಣಿಸಿಕೊಳ್ಳಲಿ. ಮಗು ದನ ಮೇಯಿಸಿದರೆ ಮನೆಗೆ ಒಂದು ಸೇರು ಅಕ್ಕಿಯಾದರೂ ಬರುತ್ತದೆ, ಓದಿದರೆ ಎಂತ ಬರುತ್ತದೆ ಎಂಬುದು ತಂದೆತಾಯಿಯ ಪ್ರಶ್ನೆ. ಆ ಪ್ರಶ್ನೆ ತಪ್ಪು ಎಂದು ರಾಯರು ಬೈಯಲಿಲ್ಲ. ಮಗುವನ್ನು ಕಳಿಸಿದ ಮನೆಗೆ ಚೂರು ಪಾರು ಕಾಸು ಕೊಟ್ಟರು. ಅಕ್ಷರದ ಜೊತೆ ಮಗ್ಗ, ಮರಗೆಲಸ ಕಲಿಸಿದರು, ಕೈಗೆ ಒಂದು ಕಸುಬು ಇರಲೆಂದು.

1897ರಲ್ಲಿ ಈ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ಬಂತು. ಜನರ ಬಾಯಲ್ಲಿ ಅದು ಡಿ.ಸಿ.ಎಂ. ಮಂಗಳೂರಿನ ಶೇಡಿಗುಡ್ಡೆಯಲ್ಲಿ ಮುಖ್ಯ ಶಾಲೆ. ಆಮೇಲೆ ಮೂಲ್ಕಿಯಲ್ಲಿ, ನಮ್ಮ ಉಡುಪಿಯಲ್ಲಿಯೂ ಶಾಲೆಗಳಾದವು. ಹಾಸ್ಟೆಲೂ ಆಯಿತು. ಅಲ್ಲೇ ಓದಿದವರಲ್ಲಿ ಕೆಲವರು ಮಾಸ್ತರರಾಗಿ ಅದೇ ಶಾಲೆಗಳಲ್ಲಿ ನಿಂತರು. ತನ್ನ ಕೇರಿಯವನೇ ಹಲಗೆಯ ಮುಂದೆ ನಿಂತದ್ದನ್ನು ಕಂಡ ಮಗುವಿಗೆ ಬೇರೆ ಉಪದೇಶ ಬೇಕಿತ್ತೋ!

ಇನ್ನೊಂದು ಸಂಗತಿ ನಮ್ಮಂಥ ಸಂಘದವರು ಗಮನಿಸಬೇಕಾದ್ದು. ಒಡೆಯನ ಮನೆಯ ಸಾಲದಲ್ಲಿ ಬಿದ್ದ ಸಂಸಾರದಲ್ಲಿ ಮಗು ಕೂಡ ಸಾಲಕ್ಕೆ ದುಡಿಯಬೇಕು. ಸಾಲ ಬಿಡದೆ ಮಗು ಬಿಡುವುದಿಲ್ಲ. ರಾಯರು ಇದಕ್ಕಾಗಿ ಆದಿ ದ್ರಾವಿಡ ಸಹಕಾರ ಸಂಘ ಕಟ್ಟಿದರು. ಸರಕಾರದಿಂದ ಜಾಗ ಮಾಡಿಸಿ ಮನೆ ಕಟ್ಟಲು ಹಂಚಿದರು. ಗುಡಿಸಲು ನಿಂತ ನೆಲ ಒಡೆಯನದ್ದಾದರೆ, ಅವನು ಮಗುವನ್ನು ಕೆಲಸಕ್ಕೆ ಕರೆದಾಗ ಇಲ್ಲ ಅನ್ನುವುದು ಹೇಗೆ? ಮಟ್ಟುಗುಳ್ಳದ ಗದ್ದೆಗೆ ಸಾಲ ಕೊಡುವ ನಾವು ಸಾಲದ ಪುಸ್ತಕವನ್ನೂ ಶಾಲೆಯ ಹಾಜರಿ ಪುಸ್ತಕವನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಕಡಿಮೆ. ರಾಯರು ನೋಡಿದ್ದರು.

ಹಣ ಎಲ್ಲಿಂದ ಬಂತು ಅಂತ ಕೇಳಬಹುದು. ವಕೀಲಿಯ ಗಳಿಕೆ ಹೋಯಿತು. ದಾನಿಗಳ ಮನೆಬಾಗಿಲು ತಟ್ಟಿದರು. ಒಬ್ಬನ ಹೆಗಲಲ್ಲಿ ಇದು ನಿಲ್ಲದು ಎಂದು ಅರಿತು ಕೊನೆಗಾಲದಲ್ಲಿ ಮಿಷನನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ಸರಕಾರ ರಾವ್ ಸಾಹೇಬ್ ಬಿರುದು ಕೊಟ್ಟಿತು.

ಹೇಳಿದ್ದನ್ನು ಮನೆಯಲ್ಲೂ ಮಾಡಿದವರು. ಎಳವೆಯಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಮೂಲೆಯಲ್ಲಿ ಕೂರಿಸದೆ ಓದಿಸಿದರು. ಜಾತಿಯ ಹೊರಗೆ, ತಮಿಳುನಾಡಿನ ಡಾ. ಪಿ. ಸುಬ್ಬರಾಯನ್ ಅವರೊಡನೆ ಆಕೆಯ ಮದುವೆಯಾಯಿತು. 1930ರಲ್ಲಿ ಲಂಡನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತದ ಹೆಂಗಸರಲ್ಲಿ ರಾಧಾಬಾಯಿ ಒಬ್ಬರು. ಅದನ್ನು ನೋಡಲು ತಂದೆ ಇರಲಿಲ್ಲ.

ರಾಯರಿಗೆ ಒಂದು ಆಸೆ ಇತ್ತು. ತನ್ನ ಶಾಲೆಯಲ್ಲಿ ಓದಿದ ದಲಿತರ ಮಗು ದೊಡ್ಡ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂದು ಅವರು ಹೇಳುತ್ತಿದ್ದರಂತೆ. ಕೊನೆಗೆ ಸನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಅಂತ್ಯಸಂಸ್ಕಾರ ದಲಿತರ ಕೈಯಿಂದಲೇ ಆಗಬೇಕೆಂದು ಮೊದಲೇ ಹೇಳಿಟ್ಟಿದ್ದರು. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರುಂಟು. ಸಮಾಧಿ ಇರುವುದು ನಂದಿಗುಡ್ಡೆಯಲ್ಲಿ. ಧೂಳಿನ ಆ ಆಸೆಯನ್ನು ಅಲ್ಲಿ ಕೆತ್ತಿಸಿದ್ದಾರೆ.