ಕೆರೆಯಲ್ಲಿ ತಯಾರಾಗಿ ಸಮುದ್ರ ದಾಟಿದ ಆರತಿ ಸಹಾ: ಸೋತ 33 ದಿನಕ್ಕೆ ಗೆದ್ದ ಛಲಗಾರ್ತಿ

ಗುಂಜಿ: ಸಮುದ್ರ ಈಜಬೇಕಂದ್ರೆ ಸಮುದ್ರದ ದಂಡೆಯಲ್ಲೇ ಬೆಳೆಯಬೇಕು ಅಂತೇನಿಲ್ಲ. ಬಾವಿ, ಕೆರೆ, ಮಲಪ್ರಭೆಯಲ್ಲಿ ಈಜು ಕಲಿಯುವ ಖಾನಾಪುರ ತಾಲ್ಲೂಕಿನ ಮಕ್ಕಳು ಆರತಿ ಸಹಾ ಅವರ ಕಥೆ ಕೇಳಬೇಕು.

ಆರತಿ ಹುಟ್ಟಿದ್ದು 1940ರ ಸೆಪ್ಟೆಂಬರ್ 24ರಂದು, ಕಲ್ಕತ್ತಾದಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು, ಅಜ್ಜಿ ಸಾಕಿದರು. ಸ್ನಾನಕ್ಕೆ ಹೋಗುತ್ತಿದ್ದ ಘಾಟ್‌ನಲ್ಲೇ ಈಜು ಹಚ್ಚಿಕೊಂಡ ಹುಡುಗಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು ಬರೀ 11.

ಮುಂದೆ ಕಣ್ಣು ಬಿದ್ದದ್ದು ಇಂಗ್ಲಿಷ್ ಕಡಲ್ಗಾಲುವೆ ಮೇಲೆ. ಹೆಸರಿಗೆ ಕಾಲುವೆ, ನಿಜದಲ್ಲಿ ಅದು ಫ್ರಾನ್ಸ್–ಇಂಗ್ಲೆಂಡ್ ನಡುವಿನ ಕೊರೆಯುವ ಸಮುದ್ರ. ಇಲ್ಲಿ ಜೋರಾಗಿ ಈಜಿದರೆ ಸಾಲದು, ಒಂದೇ ಲಯದಲ್ಲಿ ತಾಸುಗಟ್ಟಲೆ ಕೈ ಬೀಸಬೇಕು. ಊಟವೂ ನೀರಲ್ಲೇ. ಜೊತೆಗೆ ಬರುವ ದೋಣಿಯವರು ಮುಟ್ಟಿದರೆ ಅಲ್ಲಿಗೆ ಲೆಕ್ಕ ಮುಗೀತು.

ಇದಕ್ಕೆ ತಯಾರಿ ನಡೆದದ್ದು ದೇಶಬಂಧು ಪಾರ್ಕಿನ ಕೆರೆಯಲ್ಲಿ! 1959ರ ಏಪ್ರಿಲ್ 13ರಂದು ಜನರೆದುರು ಸತತ 8 ತಾಸು ಈಜಿದರು. ಆಮೇಲೆ ಅದನ್ನು 16 ತಾಸಿಗೆ ಏರಿಸಿದರು. ಇಂಗ್ಲೆಂಡಿಗೆ ಹೋಗಲು ದುಡ್ಡು ಹೊಂದಿಸುವುದೇ ದೊಡ್ಡ ಪಾಡಾಯಿತು, ಸರ್ಕಾರ ಕೈಹಿಡಿಯಿತು.

ಆಗಸ್ಟ್ 27ರಂದು ಮೊದಲ ಯತ್ನ. ದೋಣಿ ಬರುವುದೇ ತಡವಾಗಿ, ಅನುಕೂಲದ ಹೊತ್ತು ಜಾರಿತು. ಇಂಗ್ಲೆಂಡ್ ದಂಡೆ ಇನ್ನು ಕೆಲವೇ ಮೈಲಿ ಇರುವಾಗ ಸೆಳೆತ ಎದುರಾಯಿತು. ತಾಸುಗಟ್ಟಲೆ ಹೆಣಗಿದರೂ ದಾರಿ ಸಾಗಲಿಲ್ಲ. ಕೊನೆಗೆ ನೀರಿನಿಂದ ಮೇಲೆ ಬರಲೇಬೇಕಾಯಿತು.

ಬೇರೆಯವರಾಗಿದ್ದರೆ ಊರಿನ ದಾರಿ ಹಿಡಿಯುತ್ತಿದ್ದರೇನೋ. ಆರತಿ ಅಲ್ಲೇ ಉಳಿದು ಅಭ್ಯಾಸ ಮುಂದುವರಿಸಿದರು. ಸೆಪ್ಟೆಂಬರ್ 29ರಂದು ಫ್ರಾನ್ಸಿನ ಗ್ರಿ ನೇ ಭೂಶಿರದಿಂದ ಮತ್ತೆ ನೀರಿಗಿಳಿದರು. 16 ಗಂಟೆ 20 ನಿಮಿಷ, 42 ಮೈಲಿ, ಅಂದರೆ ಸುಮಾರು 67 ಕಿ.ಮೀ. ಖಾನಾಪುರದಿಂದ ಬೆಳಗಾವಿಗೆ ಹೋಗಿ ವಾಪಸ್ ಬಂದರೂ ಅಷ್ಟಾಗುವುದಿಲ್ಲ! ಕಡೆಗೆ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ದಂಡೆ ಮುಟ್ಟಿದರು. ಆ ಕಡಲ್ಗಾಲುವೆ ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆ ಎನಿಸಿಕೊಂಡರು. ಆಗ ವಯಸ್ಸು 19.

1960ರಲ್ಲಿ ಪದ್ಮಶ್ರೀ ಬಂತು. ದೇಶದ ಕ್ರೀಡಾಪಟು ಮಹಿಳೆಯೊಬ್ಬರಿಗೆ ಈ ಗೌರವ ಸಿಕ್ಕಿದ್ದು ಅದೇ ಮೊದಲು. 1994ರ ಆಗಸ್ಟ್ 23ರಂದು, 54 ತುಂಬುವ ಮುಂಚೆಯೇ ಕಾಮಾಲೆಯಿಂದ ತೀರಿಕೊಂಡರು.

ಸೋಲಿಗೂ ಗೆಲುವಿಗೂ ನಡುವೆ ಇದ್ದದ್ದು ಬರೀ 33 ದಿನ. ಆ ದಿನಗಳಲ್ಲಿ ಕೈಬಿಟ್ಟಿದ್ದರೆ, ಕೆರೆಯಲ್ಲಿ ಕಳೆದ ತಾಸುಗಳಿಗೆ ಲೆಕ್ಕವೇ ಸಿಗುತ್ತಿರಲಿಲ್ಲ.